ಒಳಗೆ ಒಂದಿಂಚು

ಕೈ ಎತ್ತಿ. ಅಷ್ಟು ಬೇಡ, ಸ್ವಲ್ಪ.
ಉಸಿರು ಹಿಡಿಯಬೇಡಿ,
ಆಮೇಲೆ ರವಿಕೆ ಬಿಗಿಯಾಯಿತೆಂದು ನನ್ನನ್ನೇ ಬೈಯುತ್ತೀರಿ.
ತೋಳು ಹತ್ತೂವರೆ.
ಏನಂದಿರಿ? ಮಲಗಿಕೊಂಡು ನೋಡಲು
ಒಳ್ಳೆಯದು ಯಾವುದಾದರೂ ಇದೆಯೇ ಎಂದೇ?

ನಾಪೋಕ್ಲು ಪೇಟೆಯಲ್ಲಿ ಇದನ್ನು ಕೇಳಲು
ಎಲ್ಲರೂ ನನ್ನಂಗಡಿಗೇ ಬರುತ್ತಾರೆ ನೋಡಿ.
ಕಪಾಟಿನ ಮೇಲೆ ಆ ಟೀವಿ ಇದೆಯಲ್ಲ,
ಹದಿನಾರು ವರ್ಷದಿಂದ ನನ್ನೆದುರು ಕೂತಿದೆ,
ಗಂಡನಿಗಿಂತ ಹೆಚ್ಚು ಹೊತ್ತು.
ಹೆಸರು ಮಾತ್ರ ಕೇಳಬೇಡಿ. ನಿಲ್ಲುವುದಿಲ್ಲ.
ಹೊಲಿಗೆ ನೆನಪಿರುತ್ತದೆ.

ಪತ್ತೇದಾರಿಯದ್ದು ಒಂದಿದೆ, ಎಂಟೇ ಕಂತು.
ಎರಡನೆಯದರಲ್ಲೇ ಕಳ್ಳ ಸಿಕ್ಕಿಬಿಡುತ್ತಾನೆ.
ಉಳಿದ ಆರರಲ್ಲಿ ಆ ಇನ್ಸ್‌ಪೆಕ್ಟರು
ಕಳ್ಳನ ತಾಯಿಗೆ ಸುದ್ದಿ ಹೇಳಲೆಂದು ಹೋಗಿ
ಕಾಫಿ ಕುಡಿದು, ಮಳೆಯ ಮಾತಾಡಿ, ವಾಪಸು ಬರುತ್ತಾನೆ.
ಏನೂ ಆಗುವುದೇ ಇಲ್ಲ ಎಂದು ದೂರುತ್ತಲೇ
ಮಾಚಮ್ಮ ಟೀಚರು ರಾತ್ರಿ ಎರಡರವರೆಗೆ ಕೂತಿದ್ದರಂತೆ.

ಬೆನ್ನು ತಿರುಗಿಸಿ.

ನಗಬೇಕೆಂದರೆ ಅಂಚೆ ಕಚೇರಿಯದ್ದು:
ಮೂವರು ನೌಕರರು, ದಿನಕ್ಕೊಂದೇ ಕಾಗದ,
ಯಾರು ಒಯ್ಯಬೇಕೆಂದು ಜಗಳ.
ಹಿಂದೆ ಕೂತು ಹೋ ಎಂದು ನಗುವವರಿಲ್ಲ,
ನಗು ಬಂದರೆ ಅದು ನಿಮ್ಮ ಸ್ವಂತದ್ದು.

ದೆವ್ವದ್ದೂ ಇದೆ. ದೆವ್ವ ಬರುವುದಿಲ್ಲ.
ಊಟಕ್ಕೆ ಕೂತಾಗೆಲ್ಲ ಒಂದು ತಟ್ಟೆ ಹೆಚ್ಚು,
ಯಾರೂ ಅದರ ಮಾತೆತ್ತುವುದಿಲ್ಲ.
‘ಇದರಲ್ಲೇನು ಹೆದರಿಕೆ,
ನಾವು ಕಾರಣವರಿಗೆ ಬಡಿಸುವುದಿಲ್ಲವೇ’ ಅಂದ ಪೂಣಚ್ಚ.
ಅವನ ಮನೆಯ ದೀಪ ಬೆಳಗಿನವರೆಗೆ ಉರಿಯುತ್ತಿತ್ತೆಂದು
ಹಾಲಿನ ಹುಡುಗ ಹೇಳಿದ.

ಏಳು ಗಂಟೆಯದ್ದು ಮಾತ್ರ ಬೇಡ.
ಸೊಸೆ ಮೆಟ್ಟಿಲಿಂದ ಜಾರಿ ಮೂರು ವಾರವಾಯಿತು,
ಇನ್ನೂ ನೆಲ ಸಿಕ್ಕಿಲ್ಲ.

ಅರಸರ ಕಾಲದ್ದು ಕೇಳಿ, ಅದು ನನ್ನದೇ ಕಥೆ,
ಅರಮನೆಯ ದರ್ಜಿಯ ಕಣ್ಣಲ್ಲಿ ಹೇಳಿದ್ದಾರೆ.
ಯುದ್ಧ ತೋರಿಸುವುದಿಲ್ಲ, ಸೋಲು ಗೆಲುವು ಏನೂ ಇಲ್ಲ,
ವರ್ಷಕ್ಕೊಮ್ಮೆ ಅರಸನ ಅಳತೆ ತೆಗೆಯುತ್ತಾನೆ,
ವರ್ಷವರ್ಷಕ್ಕೂ ಟೇಪು ಒಂದೊಂದು ಬೆರಳು

ಬಿಡಿ. ಅದು ಈಗ ಬೇಡ.

ಹಳೆ ಪುಸ್ತಕದಲ್ಲಿ ನಿಮ್ಮದು ಮೂವತ್ತೆಂಟಿದೆ.
ಈಗ ಮೂವತ್ತನಾಲ್ಕು ಬರೆದುಕೊಳ್ಳುತ್ತೇನೆ.
ಎಡಗಡೆ... ಸರಿ, ಹೇಳಬೇಕಿಲ್ಲ.
ಅಲ್ಲಿ ಲೈನಿಂಗು ಎರಡು ಪದರ ಕೊಡುತ್ತೇನೆ,
ಮೆತ್ತಗಿನದು, ಹೊರಗೆ ತಿಳಿಯದ ಹಾಗೆ.
ಮೈಸೂರಿಗೆ ಇನ್ನೆಷ್ಟು ಸಲ ಹೋಗಬೇಕಂತೆ?

ಕುಂಞಾಲಿಕ್ಕ ಎಂದೊಬ್ಬರಿದ್ದರು ಈ ಪೇಟೆಯಲ್ಲಿ,
ನನಗೆ ಕುಪ್ಯ ಹೊಲಿಯಲು ಕಲಿಸಿದವರು.
ಮದುಮಗನ ಕುಪ್ಯವಾದರೂ ಒಳಮೈ ತಿರುವಿ ನೋಡುತ್ತಿದ್ದರು.
‘ಒಳಗೆ ಒಂದಿಂಚು ಬಿಡು ಮೋಳೇ,
ಮನುಷ್ಯ ಇಳಿಯುತ್ತಾನೆ, ಮತ್ತೆ ತುಂಬಿಕೊಳ್ಳುತ್ತಾನೆ.’
ಚೆನ್ನಾಗಿ ಬರೆದದ್ದು ಯಾವುದೆಂದು
ನಾನು ನೋಡುವುದೂ ಹಾಗೆಯೇ.
ನೀವು ಸೀರೆ ಉಡುವಾಗ ನೆರಿಗೆಯನ್ನು
ಬೆನ್ನ ಹಿಂದೆ ಇಟ್ಟುಕೊಳ್ಳುವುದಿಲ್ಲವೇ,
ಇದ್ದದ್ದನ್ನೆಲ್ಲ ಎದುರಿಗೇ ಬಿಚ್ಚಿಟ್ಟರೆ
ನಡೆದು ಹೋದ ಮೇಲೆ ನೋಡಲು ಏನುಳಿಯಿತು?

ನಿಮಗೆ ಉದ್ದದ್ದು ಬೇಕು.
ಬಸ್ ಸ್ಟ್ಯಾಂಡಿನ ಕ್ಯಾಂಟೀನು, ಇಬ್ಬರು ಹೆಂಗಸರು,
ಒಂದು ಹಿಡಿ ಕಾಳುಮೆಣಸಿನ ವಿಷಯಕ್ಕೆ ಮಾತು ಬಿಟ್ಟಿದ್ದಾರೆ.
ಒಬ್ಬಳು ಕುದಿಸುತ್ತಾಳೆ, ಇನ್ನೊಬ್ಬಳು ಸೋಸುತ್ತಾಳೆ.
ನೂರ ನಲವತ್ತು ಕಂತಾಯಿತು.
ಮೊನ್ನೆ ಒಬ್ಬಳು ಇನ್ನೊಬ್ಬಳ ಲೋಟಕ್ಕೆ
ಕೇಳದೆ ಸಕ್ಕರೆ ಹಾಕಿದಳು.
ನಾನು ಮಿಷನ್ನು ನಿಲ್ಲಿಸಿದೆ.
ಸೂಜಿ ಬಟ್ಟೆಯೊಳಗೇ ನಿಂತಿತ್ತು.

ಮುಂದೇನೆಂದು ಕೇಳಬೇಡಿ, ಬರೆದವರಿಗೂ ಗೊತ್ತಿರಲಿಕ್ಕಿಲ್ಲ.
ದಿನಕ್ಕೆ ಎರಡರಂತೆ ನೋಡಿ, ಹೆಚ್ಚು ಬೇಡ.
ನೀವು ಮುಟ್ಟುವ ಹೊತ್ತಿಗೆ ಇನ್ನಷ್ಟು ಬಂದಿರುತ್ತದೆ.

ಕೈ ಇಳಿಸಿ, ಆಯಿತು.
ಎಡಕ್ಕೂ ಬಲಕ್ಕೂ ಒಂದಿಂಚು ಬಿಟ್ಟಿರುತ್ತೇನೆ,
ಬೇಕಾದಾಗ ಬಂದು ಬಿಚ್ಚಿಸಿಕೊಳ್ಳಿ, ದುಡ್ಡಿಲ್ಲ.
ಸೋಮವಾರ ಸಂತೆಗೆ ಬಂದಾಗ ತಯಾರಿರುತ್ತದೆ.
ಯಾವ ಸೋಮವಾರ ಅಂತೀರಾ?
ನೀವೊಬ್ಬರೇ ನೋಡಿ
ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರು.